ಅಥೆನ್ಸಿನ ಕೊಪ್ಪರಿಗೆ, ಸಿಂದಗಿಯ ಅಕ್ಕ

ಕಳೆದ ತಿಂಗಳು ಸಿಂದಗಿಯಿಂದ ಮೂವರು ನಮ್ಮ ಮನೆಗೆ ಬಂದಿದ್ದರು. ಮೂವರೂ ಒಂದು ಕಾಲದಲ್ಲಿ ನನ್ನ ಹಾಗೆಯೇ ಅಲ್ಲಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಖಾನಾವಳಿಯಲ್ಲಿ ಉಂಡು ನೌಕರಿ ಮಾಡಿದವರು. ಆ ಖಾನಾವಳಿ ನಡೆಸುತ್ತಿದ್ದ ಅಕ್ಕ ತೀರಿಕೊಂಡು ವರ್ಷವಾಯಿತು, ಅವರ ನೆನಪಿಗೆ ಒಂದು ಕಲ್ಲು ಹಾಕಿಸಬೇಕೆಂದು ಅವರ ವಿಚಾರ. ಕಲ್ಲಿನ ಮೇಲಿನ ಬರಹವನ್ನು ನಾನು ಬರೆದುಕೊಡಬೇಕಂತೆ. "ನೀವು ಇತಿಹಾಸದ ಮಾಸ್ತರ್ರು. ಆವತ್ತ ಅಕ್ಕನ ಸತ್ಕಾರದಾಗ ನೀವು ಮಾತಾಡಿದ್ದು ಮಂದಿ ಇನ್ನೂ ನೆನಸ್ತಾರ್ರಿ" ಎಂದರು ಒಬ್ಬರು. ಅವರು ಹೊಗಳಿಕೆಗೆಂದೇ ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಬಾರಿಸಿದಂತಾಯಿತು. ನಾನು ಒಲ್ಲೆ ಎಂದೆ. ಅವರು ಚಹಾ ಕುಡಿದು, ಮನಸ್ಸಿಗೆ ಬೇಜಾರು ಮಾಡಿಕೊಂಡು ಹೋದರು.

ಯಾಕೆ ಒಲ್ಲೆ ಎಂದೆ ಅನ್ನುವುದನ್ನು ಅವರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ. ಅಕ್ಕನ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಒಂದು ಸಲ ಆ ಹೆಸರನ್ನು ಮೈಕಿನಲ್ಲಿ ಕೂಗಿ ಆಗಿದೆ, ಅದರಿಂದ ಅವರಿಗೆ ಆದದ್ದೇ ಸಾಕು.

ಸಿಂದಗಿಯ ಹೈಸ್ಕೂಲಿಗೆ ನಾನು ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಆಗಿನ್ನೂ ಮದುವೆಯಾಗಿರಲಿಲ್ಲ. ತಲೆಯಲ್ಲಿ ಇತಿಹಾಸ, ನಾಲಿಗೆಯ ಮೇಲೆ ಭಾಷಣ, ಆದರೆ ಒಂದು ಕಪ್ ಚಹಾ ಮಾಡಿಕೊಳ್ಳುವ ವಿದ್ಯೆ ಮಾತ್ರ ಇರಲಿಲ್ಲ. ಹಾಗಾಗಿ ಎರಡು ಹೊತ್ತೂ ಅಕ್ಕನ ಖಾನಾವಳಿಯೇ ಗತಿ. ಅಕ್ಕ ಆಗ ನಲವತ್ತು ದಾಟಿದವರು. ಎತ್ತರದ ಒಣಕಲು ಮೈ, ಹೊಗೆ ಕುಡಿದು ಸದಾ ಕೆಂಪಾಗಿರುತ್ತಿದ್ದ ಕಣ್ಣು. ಗಂಡ ತೀರಿಹೋದ ಮೇಲೆ ಆಲಮೇಲದ ಮನೆ ಬಿಟ್ಟು ಬಂದು ಇಲ್ಲಿ ಎರಡು ಒಲೆ ಹೂಡಿದ್ದರು. ಬಾಗಿಲಿಗೆ ಬೋರ್ಡು ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಜನ ಒಳಗೆ ಬರುತ್ತಿದ್ದರು.

ತಾಟಿನ ಮುಂದೆ ಕೂತವರನ್ನು ಅವರು ಏನು ಬೇಕು ಎಂದು ಕೇಳಿದ್ದಿಲ್ಲ. ಬೇಡವೆಂದರೆ ಕೇಳಿಸಿಕೊಂಡದ್ದೂ ಇಲ್ಲ. "ಸಾಕ್ರಿ ಅಕ್ಕಾರ" ಎಂದು ನಾನು ಕೈ ಅಡ್ಡ ಹಿಡಿದರೆ, "ಬಾಯಿ ಸಾಕಂತೈತಿ. ಹೊಟ್ಟಿ ಏನಂತೈತಿ ಕೇಳ್ರಿ" ಎಂದು ಬೆರಳ ಸಂದಿಯಲ್ಲೇ ರೊಟ್ಟಿ ಜಾರಿಸುತ್ತಿದ್ದರು. ಒಮ್ಮೆ ಹೊಸದಾಗಿ ಬಂದ ಸಾಹೇಬರೊಬ್ಬರು ರೊಟ್ಟಿ ದಪ್ಪವಾಯಿತು ಎಂದು ಮುಖ ಕಿವಿಚಿದರು. ಅಕ್ಕ ಒಳಗೆ ಹೋಗಿ ಹಪ್ಪಳದಷ್ಟು ತೆಳುವಾದ ರೊಟ್ಟಿ ಬಡಿದು ತಂದು ಹಾಕಿದರು. ಅದು ಮುಗಿಯುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಸಾಹೇಬರು ಬೆವತು ಸೋತು "ದಪ್ಪಂದ ಇರಲಿ ಬಿಡ್ರಿ" ಎನ್ನುವ ತನಕ ಬಿಡಲಿಲ್ಲ. ನಾವೆಲ್ಲ ತಾಟಿನಲ್ಲಿ ಮುಖ ಹುದುಗಿಸಿ ನಕ್ಕಿದ್ದೇ ನಕ್ಕಿದ್ದು.

ನಾನು ಹೋದ ಎರಡನೆಯ ವರ್ಷ ಊರಿಗೆ ಒಂದು ನಾಟಕ ಕಂಪನಿ ಬಂತು. ಊರ ಹೊರಗಿನ ಬಯಲಿನಲ್ಲಿ ತಗಡಿನ ಥೇಟರು ಎದ್ದಿತು. ಮೂವತ್ತೈದು ನಲವತ್ತು ಮಂದಿ, ಅಷ್ಟೂ ಜನರ ಊಟ ಅಕ್ಕನಲ್ಲಿ. ಥೇಟರು ತುಂಬಿದ ದಿನ ಉಂಡಂತೆಯೇ ಖುರ್ಚಿಗಳು ಖಾಲಿ ಉಳಿದ ದಿನವೂ ಅವರು ಉಂಡರು. ಕಂಪನಿಯ ಮಾಲೀಕರು ಸಂಕೋಚಪಟ್ಟು ಬಾಕಿ ದುಡ್ಡಿನ ಮಾತೆತ್ತಿದರೆ ಅಕ್ಕ ಲಟ್ಟಣಿಗೆ ತೋರಿಸಿ ಓಡಿಸುತ್ತಿದ್ದರು. "ಪದಾ ಹಾಡೂ ಮಂದಿ ಹಸದಿರಬಾರದ್ರಿ" ಎನ್ನುವುದು ಅವರ ಒಂದೇ ಮಾತು.

ಹಾಡುವವರಿಗೆ ಅವರು ಬೇರೆಯದೇ ಕಾಯಿದೆ ಮಾಡಿದ್ದರು. ಉಪ್ಪಿನಕಾಯಿ ಬಂದ್, ಮೊಸರು ಬಂದ್. ಆಟಕ್ಕೆ ಮೊದಲು ಬಿಸಿ ಹಾಲಿಗೆ ಅರಿಶಿನ. ಒಂದು ದಿನ ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುವವರು, ಕದ್ದು ಉಪ್ಪಿನಕಾಯಿ ನೆಕ್ಕುವಾಗ ಸಿಕ್ಕಿಬಿದ್ದರು.

"ನಾ ಹಾಡಾಂವ ಅಲ್ಲ ಯವ್ವಾ, ಬರೇ ಪೇಟಿ ಬಾರಸಾಂವ" ಎಂದು ಅವರು ಬೇಡಿಕೊಂಡರು.

"ಪೇಟಿಗೂ ಗಂಟಲ ಇರತೈತಿ. ಇಡ್ರಿ ಕೆಳಗ" ಎಂದರು ಅಕ್ಕ.

ಇಷ್ಟೆಲ್ಲ ಮಾಡಿದ ಅಕ್ಕ ಜನ್ಮದಲ್ಲಿ ಒಂದೂ ನಾಟಕ ನೋಡಿರಲಿಲ್ಲ. ಇದು ನನಗೆ ಗೊತ್ತಾದಾಗ ನಂಬಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಬಿಡಲಿಲ್ಲ, ಆಮೇಲೆ ಗಂಡ, ಆಮೇಲೆ ಒಲೆ. ಆಟ ನಡೆಯುವ ಹೊತ್ತೆಂದರೆ ಆಡುವವರಿಗಾಗಿ ಅಡಿಗೆಯಾಗುವ ಹೊತ್ತು. ಹಾಗೆಂದು ಅವರಿಗೆ ನಾಟಕ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಸಂಜೆ ಗಾಳಿ ಈ ಕಡೆ ಬೀಸಿದರೆ ಥೇಟರಿನ ಮೈಕು ಅಡಿಗೆ ಮನೆಯೊಳಗೇ ಕೇಳುತ್ತಿತ್ತು. ನಾಯಕಿ ಅಳುವ ಪದ ಶುರುವಾದರೆ ಎಸರು ಇಡಬೇಕು, ಖಳನಾಯಕ ಎರಡನೆಯ ಸಲ ಗಹಗಹಿಸಿದರೆ ಹಿಟ್ಟು ನಾದಬೇಕು. ಮರುದಿನ ಮಧ್ಯಾಹ್ನ ಉಣ್ಣಲು ಬಂದ ಕಲಾವಿದರು ಕೇಳಿಸದೆ ಹೋದದ್ದನ್ನೆಲ್ಲ ತುತ್ತಿನ ನಡುವೆ ತುಂಬಿಕೊಡುತ್ತಿದ್ದರು. ಹಾಸ್ಯದ ಪಾತ್ರದ ಹುಡುಗನಂತೂ ಎಡಗೈಯಲ್ಲಿ ಪೂರ್ತಿ ಅಭಿನಯ ಮಾಡಿ ತೋರಿಸುತ್ತಿದ್ದ.

"ಮಾತು, ಪದಾ ಎಲ್ಲಾ ಇಲ್ಲೆ ಕೇಳತಾವ್ರಿ" ಎಂದು ಅಕ್ಕ ಒಮ್ಮೆ ನನಗೆ ಹೇಳಿದರು. "ಮೂರನೇ ಗಂಟಿ ಬಾರಸತೈತಿ. ಆ ಮ್ಯಾಲೆ ಒಂದು ಚೂರು ಏನೂ ಕೇಳಸೂದಿಲ್ಲ. ಆಮ್ಯಾಲೆ ಮಂದಿ ಎಲ್ಲಾ ಹೋ ಅಂತಾರ. ಆ ನಡುವ ಏನಾಗತೈತ್ರಿ?"

"ಪರದಿ ಏಳತೈತ್ರಿ ಅಕ್ಕಾರ."

"ಅದೊಂದು ನೋಡಬೇಕ್ರಿ" ಎಂದರು. ಅಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದರು.

ಅದೇ ಸುಮಾರಿಗೆ ನಾನು ಸೊಲ್ಲಾಪುರದ ಹಳೆ ಪುಸ್ತಕದ ಅಂಗಡಿಯಿಂದ ಪ್ರಾಚೀನ ಗ್ರೀಸಿನ ಬಗ್ಗೆ ಒಂದು ದಪ್ಪ ಪುಸ್ತಕ ತಂದಿದ್ದೆ. ರವಿವಾರ ಉಂಡ ಮೇಲೆ ಖಾನಾವಳಿಯ ಕಟ್ಟೆಯ ಮೇಲೆ ಕೂತು ಓದುವುದು ನನ್ನ ರೂಢಿ. ಅದರಲ್ಲಿ ಇಡೀ ಪುಟದ ಒಂದು ಚಿತ್ರವಿತ್ತು. ಚೌಕಾಕಾರದ ಕಟ್ಟೆ, ಅದರ ಮೇಲೆ ಆರು ಕಂಬಗಳ ದುಂಡನೆಯ ಅಮೃತಶಿಲೆಯ ಗೋಪುರ, ಮೇಲೆ ಒಂದೇ ಕಲ್ಲಿನ ಚಾವಣಿ. ಅಕ್ಕ ತಟ್ಟೆ ತೊಳೆದ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು.

"ಇದ್ಯಾವ ಗುಡೀರಿ?"

"ಗುಡಿ ಅಲ್ರಿ ಅಕ್ಕಾರ. ಅಥೆನ್ಸ್ ಅಂತ ಊರಾಗ ಐತಿ. ಎರಡು ಸಾವಿರದ ಮುನ್ನೂರು ವರ್ಷದ್ದು. ಅಲ್ಲೆ ಹಾಡು ಕುಣಿತದ ಪಂದ್ಯ ಆಗ್ತಿದ್ದವು. ಒಂದೊಂದು ಮೇಳಕ್ಕ ಒಬ್ಬೊಬ್ಬ ಸಾಹುಕಾರ ಖರ್ಚು ಹೊರಬೇಕು. ಮೇಳ ಗೆದ್ದರ ಹಿಂಗ ಒಂದು ಗುರುತು ಕಟ್ಟಸ್ತಿದ್ದ."

"ಖರ್ಚಂದ್ರ ಏನೇನ್ರಿ?"

"ಅರಿವಿ ಬಟ್ಟಿ, ತಾಲೀಮು, ಊಟ. ತಿಂಗಳಗಟ್ಟಲೆ ಎಲ್ಲಾರಿಗೂ ಊಟಕ್ಕ ಹಾಕಬೇಕಿತ್ರಿ."

"ಅಂದ್ರ ಅವನೂ ಖಾನಾವಳಿ ನಡಸ್ತಿದ್ದ ಅನ್ರಿ" ಎಂದು ಅಕ್ಕ ಪಕ್ಕದಲ್ಲೇ ಕೂತುಬಿಟ್ಟರು.

ನನಗೆ ಹುರುಪು ಬಂತು. ಕಲ್ಲಿನ ಮೇಲೆ ಏನೇನು ಕೆತ್ತಿದ್ದಾರೆಂದು ಓದಿ ಹೇಳಿದೆ. ಖರ್ಚು ಹೊತ್ತವನ ಹೆಸರು, ಅವನ ಅಪ್ಪನ ಹೆಸರು, ಗೆದ್ದ ಮೇಳ ಯಾವುದು, ಕೊಳಲಿನಂಥ ವಾದ್ಯ ಊದಿದವರು ಯಾರು, ತಾಲೀಮು ಕೊಟ್ಟವರು ಯಾರು, ಆ ವರ್ಷ ಊರಿನ ದೊಡ್ಡ ಅಧಿಕಾರಿ ಯಾರು. ನಮ್ಮ ನಾಟಕದ ಹ್ಯಾಂಡ್‌ಬಿಲ್ಲಿನ ಹಾಗೇ ಇದೆ ನೋಡಿ ಎಂದೆ. ಅಕ್ಕನ ಕಣ್ಣು ಮಾತ್ರ ಗೋಪುರದ ತುದಿಯಲ್ಲಿತ್ತು.

"ಮ್ಯಾಲೆ ಏನೋ ಇತ್ತೇನ್ರಿ? ಮುರದಂಗ ಕಾಣತೈತಿ."

"ಗೆದ್ದ ಬಹುಮಾನ ಇಟ್ಟಿದ್ರು. ಮೂರು ಕಾಲಿಂದು ಕಂಚಿನ ಕೊಪ್ಪರಿಗಿ."

"ಕೊಪ್ಪರಿಗಿ? ಅಡಗೀದು?"

"ಹೌದ್ರಿ. ಈಗಿಲ್ಲ, ಯಾರೋ ಒಯ್ದಾರ."

"ಒಯ್ದಿರ್ತಾರ ಬಿಡ್ರಿ. ಕಲ್ಲ ಬಿಟ್ಟು ಭಾಂಡೆ ಒಯ್ದಾರ. ನಾ ಇದ್ದಿದ್ರೂ ಅದನ್ನ ಒಯ್ತಿದ್ದೆ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ನಗು ನಿಂತ ಮೇಲೆ ಇನ್ನೊಂದು ಮಾತು ಕೇಳಿದರು. "ಅಲ್ರಿ ಮಾಸ್ತರ, ಅಷ್ಟು ಮಂದಿಗಿ ಉಣ್ಣಾಕ ಹಾಕಿದ್ನಲ್ಲ, ಆ ಹಾಡು ಕುಣಿತ ಅವಾ ಕೂತು ನೋಡಿದ್ನೇನು?"

"ನೋಡದೇನ್ರಿ. ಮುಂದಿನ ಸಾಲಿನಾಗ ಕೂತಿರ್ತಾನ."

"ಪುಣ್ಯಾವಂತ" ಎಂದರು ಅಕ್ಕ.

ಆ ಮಾತಿನಲ್ಲಿ ಏನಿತ್ತೋ ಅದು ನನಗೆ ಆಗಲೇ ಕೇಳಿಸಬೇಕಾಗಿತ್ತು. ನಾನು ಪುಟ ತಿರುವಿ ಕಂಬಗಳ ಬಗ್ಗೆ ಹೇಳತೊಡಗಿದೆ.

ಬೇಸಿಗೆಯ ಹೊತ್ತಿಗೆ ಕಂಪನಿ ಸಿಂದಗಿಯ ಮುಕ್ಕಾಮು ಮುಗಿಸಿ ಮುದ್ದೇಬಿಹಾಳಕ್ಕೆ ಹೊರಟಿತು. ಹೊರಡುವ ದಿನ ಮಧ್ಯಾಹ್ನ ಎರಡಕ್ಕೆ ಒಂದು ಕೊನೆಯ ಆಟ, ಅದು ಅಕ್ಕನಿಗಾಗಿ. ಆಟಕ್ಕೆ ಮೊದಲು ಅಕ್ಕನಿಗೆ ಸೀರೆ ಉಡುಗೊರೆ ಕೊಟ್ಟು ಮುಂದಿನ ಸಾಲಿನ ನಡುವೆ ಕೂರಿಸಬೇಕು, ಅಷ್ಟೇ. ಇದು ಮಾಲೀಕರ ಯೋಜನೆ. ಕಲಾವಿದರೆಲ್ಲ ಸೇರಿ ಅಡಿಗೆ ಮನೆಗೆ ಹೋಗಿ ಕೈ ಮುಗಿದು ಕರೆದರು. ಅಕ್ಕ ಮೊದಲು ಒಲ್ಲೆ ಎಂದರು. ಸಂಜೆ ಲಾರಿ ಹೊರಡುವ ಮುನ್ನ ಅಷ್ಟೂ ಜನರಿಗೆ ಬಿಸಿ ರೊಟ್ಟಿ ಉಣಿಸಿಯೇ ಕಳಿಸಬೇಕು ಎಂಬುದು ಅವರ ಹಟ. ಆಮೇಲೆ ತಾವೇ ದಾರಿ ಹುಡುಕಿಕೊಂಡರು. "ನಾಕಕ್ಕ ಒಲಿ ಹಚ್ಚಿದ್ರ ಆಗತೈತಿ. ಎರಡಕ್ಕ ಪರದಿ ಏಳತೈತಲ್ಲ, ಎರಡು ತಾಸು ನೋಡಿ ಎದ್ದು ಬರ್ತೇನಿ. ಪರದಿ ಏಳೂದು ನೋಡಿದ್ರ ನನಗ ಅರ್ಧಾ ಆಟ ನೋಡಿದಂಗ."

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಯಿರುತ್ತಿತ್ತು. ನಡುವೆ ನಾನು ಬಾಯಿ ಹಾಕಿದೆ. ಊರಿನ ಗಣ್ಯರಿಲ್ಲದೆ ಸತ್ಕಾರವೆಂದರೆ ಹೇಗೆ, ಅಧ್ಯಕ್ಷರು ಬೇಡವೇ, ಉದ್ಘಾಟಕರು ಬೇಡವೇ ಎಂದೆ. ಮಾಲೀಕರು ಪಾಪ, ಓದಿದವನ ಮಾತು ಎಂದು ಒಪ್ಪಿದರು. ಹ್ಯಾಂಡ್‌ಬಿಲ್ಲು ನಾನೇ ಬರೆದೆ. ಏಳು ಜನ ಅತಿಥಿಗಳು, ಅಭಿನಂದನಾ ಭಾಷಣಕ್ಕೆ ನಾನು. ಅಕ್ಕ ಮೂರನೆಯ ಇಯತ್ತೆಯ ಓದಿನಲ್ಲಿ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಇದರಾಗ ನಾಟಕ ಎಲ್ಲೈತ್ರಿ?" ಎಂದು ಕೇಳಿದರು. ತೀರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಬೆರಳಿಟ್ಟು ತೋರಿಸಿದೆ.

ಆ ದಿನ ಅಕ್ಕ ಒಂದೂವರೆಗೇ ಬಂದರು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಒಲೆಯ ಮುಂದಲ್ಲದೆ ಬೇರೆ ಕಡೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ಸಾಲಿನ ನಡುವಿನ ಖುರ್ಚಿಯಲ್ಲಿ ಕೂತು ಕೆಂಪು ಪರದೆಯನ್ನೇ ನೋಡುತ್ತಿದ್ದರು. ಎರಡಾಯಿತು, ಅತಿಥಿಗಳು ಬರಲಿಲ್ಲ. ಮುಕ್ಕಾಲು ತಾಸಿನ ಮೇಲೆ ಎರಡು ಜೀಪಿನಲ್ಲಿ ಬಂದರು. ಆಗ ಪರದೆಯ ಮುಂದಿನ ಕಿರಿದಾದ ಜಾಗದಲ್ಲಿ ಸಾಲಾಗಿ ಖುರ್ಚಿ ಹಾಕಿಸಿ, ಅಕ್ಕನನ್ನೂ ಮೇಲೆ ಕರೆಸಿ, ಪರದೆಗೆ ಬೆನ್ನು ಮಾಡಿ ಕೂರಿಸಿದೆವು.

ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಅಕ್ಕನ ರೊಟ್ಟಿ ತಿಂದೇ ಇರದವರು ಅಕ್ಕನ ರೊಟ್ಟಿಯನ್ನು ಹೊಗಳಿದರು. ನನ್ನ ಪಾಳಿ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಆಗಲೂ ಹೊತ್ತು ಮೀರಿರಲಿಲ್ಲ. ನಾನು ಮೂರು ಮಾತು ಹೇಳಿ ಕೂತಿದ್ದರೆ ಪರದೆ ಏಳುತ್ತಿತ್ತು. ಆದರೆ ನನ್ನ ಜೇಬಿನಲ್ಲಿ ಅಥೆನ್ಸ್ ಇತ್ತು. ಕಂಪನಿಗೆ ಅನ್ನ ಹಾಕಿದ ಅಕ್ಕನನ್ನು ಆ ಗ್ರೀಕ್ ಸಾಹುಕಾರನಿಗೆ ಹೋಲಿಸಿ, ಅವನ ಊರು, ಅವರ ಹಬ್ಬ, ಆ ಪಂದ್ಯ, ಆರು ಕಂಬ, ಒಂದೇ ಕಲ್ಲಿನ ಚಾವಣಿ, ಕೊಪ್ಪರಿಗೆ, ಎಲ್ಲ ಬಣ್ಣಿಸಿದೆ. ಕಲ್ಲಿನ ಮೇಲಿನ ಹೆಸರುಗಳನ್ನು ಸಾಲಾಗಿ ಹೇಳಿ, ಸಿಂದಗಿಯಲ್ಲಿಯೂ ಅಂಥದೊಂದು ಏಳಬೇಕು ಎಂದು ಅಕ್ಕನ ಪೂರ್ತಿ ಹೆಸರನ್ನು ಕೂಗಿದಾಗ ಚಪ್ಪಾಳೆಗೆ ತಗಡು ನಡುಗಿತು. ಚಪ್ಪಾಳೆ ಕೇಳಿದ ಮೇಲೆ ಮಾತುಗಾರ ಎಲ್ಲಿ ನಿಲ್ಲುತ್ತಾನೆ? ಮತ್ತೂ ಹತ್ತು ನಿಮಿಷ ಎಳೆದೆ. ನಡುವೆ ಒಮ್ಮೆ ಅಕ್ಕ ಕತ್ತು ಹೊರಳಿಸಿ ಹಿಂದಿನ ಪರದೆ ನೋಡಿದ್ದು ನನಗೆ ಕಂಡಿತ್ತು. ಹೊಗಳಿಕೆಗೆ ನಾಚಿಕೊಂಡರು ಎಂದುಕೊಂಡೆ.

ನಾನು ಮುಗಿಸಿದಾಗ ನಾಲ್ಕು ಹೊಡೆದಿತ್ತು. ವಂದನಾರ್ಪಣೆಯವರು ಮೈಕಿಗೆ ಬಂದರು. ಅಕ್ಕ ಎದ್ದು, ಹೊದಿಸಿದ ಶಾಲನ್ನೂ ಕೊಟ್ಟ ಸೀರೆಯನ್ನೂ ಮಡಿಚಿ ಕಂಕುಳಲ್ಲಿಟ್ಟುಕೊಂಡು, ಪರದೆಯ ಬಟ್ಟೆಯನ್ನು ಒಮ್ಮೆ ಅಂಗೈಯಿಂದ ಮುಟ್ಟಿ ನೋಡಿ, ಪಕ್ಕದ ಮೆಟ್ಟಿಲಿಳಿದು ಹೋದರು. ನೀರು ಕುಡಿಯಲು ಹೋಗಿರಬೇಕು ಎಂದು ನಾನು ಅಂದುಕೊಂಡೆ. ಅತಿಥಿಗಳು ನನ್ನ ಹೆಗಲ ಮೇಲೆ ಕೈ ಹಾಕಿ, "ಏನ್ ಮಾತಾಡಿದ್ರಿ ಸರ" ಎನ್ನುತ್ತ ಥೇಟರಿನ ಹಿಂದೆ ಚಹಾಕ್ಕೆ ಕರೆದೊಯ್ದರು. ನಾನು ತಿರುಗಿ ಬಂದಾಗ ಆಟ ಶುರುವಾಗಿತ್ತು.

ಸಂಜೆ ಖಾನಾವಳಿಯ ಅಂಗಳದಲ್ಲಿ ಇಡೀ ಕಂಪನಿ ಪಂಕ್ತಿಗೆ ಕೂತಿತ್ತು. ಅಕ್ಕ ಹಳೆಯ ಸೀರೆಯಲ್ಲಿ ಬಿಸಿ ರೊಟ್ಟಿ ಹಾಕುತ್ತಿದ್ದರು. ಹಾಸ್ಯದ ಹುಡುಗ ತುತ್ತು ಕೈಯಲ್ಲಿ ಹಿಡಿದು, "ಅಕ್ಕಾ, ನಾ ಹೆಂಗ ಮಾಡಿದ್ನಿ?" ಎಂದು ಕೇಳಿದ.

"ನಕ್ಕ ನಕ್ಕ ಹೊಟ್ಟಿ ಹುಣ್ಣಾತೋ ತಮ್ಮಾ" ಎಂದರು ಅಕ್ಕ. ನನ್ನ ತಾಟಿಗೆ ಬಂದಾಗ, "ಮಾಸ್ತರ, ನಿಮ್ಮ ಮಾತು ಭಾಳ ಚಲೋ ಇತ್ರಿ" ಎಂದರು. ನಾನು ಉಬ್ಬಿಹೋದೆ.

ಲಾರಿ ಹೊರಡುವಾಗ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಸರ, ಅಕ್ಕ ಪರದಿ ಏಳೂಕಿಂತ ಮೊದಲ ಎದ್ದು ಹೋದ್ರು. ನಾವು ಒಳಗ ಬಣ್ಣಾ ಹಚ್ಚಿಕೊಂಡು ನಿಂತಿದ್ವಿ, ಖುರ್ಚಿ ನೋಡಿದ್ರ ಖಾಲಿ. ಹುಡುಗಗ ಹೇಳಬ್ಯಾಡ್ರಿ, ಅಳ್ತಾನ."

ಅದಕ್ಕೆ ನಾನು ಕೊಟ್ಟ ಉತ್ತರ ಇವತ್ತಿಗೂ ನನ್ನನ್ನು ಸುಡುತ್ತದೆ. "ಒಂದೈದು ನಿಮಿಷ ಕಾಯಬೇಕಿತ್ತಲ್ರಿ ಅವರು" ಎಂದೆ.

ಮುದ್ದೇಬಿಹಾಳದಲ್ಲಿ ಕಂಪನಿ ಹೆಚ್ಚು ದಿನ ನಡೆಯಲಿಲ್ಲ. ಮನೆಮನೆಗೂ ಟೀವಿ ಬಂದಿತ್ತು. ತಗಡು, ಪರದೆ ಎಲ್ಲ ಯಾರ ಯಾರ ಪಾಲೋ ಆದವು. ನಾನು ಸಿಂದಗಿಯಲ್ಲಿ ಇದ್ದಷ್ಟು ದಿನ ಬೇರೆ ಕಂಪನಿ ಬಂದು ಕೂರಲಿಲ್ಲ. ಅಕ್ಕ ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರೊಟ್ಟಿ ಮೊದಲಿನ ಹಾಗೆಯೇ ಬೆರಳ ಸಂದಿಯಲ್ಲಿ ಜಾರಿ ತಾಟಿಗೆ ಬೀಳುತ್ತಿತ್ತು. ಆಮೇಲೆ ನನಗೆ ಇಂಡಿಯ ಹೈಸ್ಕೂಲಿಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ಕ್ಷಮೆ ಕೇಳುವುದನ್ನು ರಜೆಗೆ, ಮುಂದಿನ ರಜೆಗೆ ಎಂದು ಮುಂದೂಡುತ್ತ ಹತ್ತಾರು ವರ್ಷ ಕಳೆದೆ. ಹೇಡಿ ನಾನು.

ಹೋದ ವರ್ಷ ಅಕ್ಕನ ತಂಗಿಯ ಮಗಳು ಆಲಮೇಲದಿಂದ ಫೋನ್ ಮಾಡಿದಳು. ಒಲೆಯ ಹೊಗೆ ಅಕ್ಕನ ಎದೆಯನ್ನು ತಿಂದುಹಾಕಿತ್ತು. ಸೊಲ್ಲಾಪುರದ ಡಾಕ್ಟರರು ಮನೆಗೆ ಕರಕೊಂಡು ಹೋಗಿ ಎಂದಿದ್ದರಂತೆ. ಮರುದಿನ ಬೆಳಿಗ್ಗೆಯ ಬಸ್ಸಿಗೇ ಆಲಮೇಲಕ್ಕೆ ಹೋದೆ. ಬಾಗಿಲ ಬೆಳಕಿಗೆ ಹಾಸಿದ ಹಾಸಿಗೆಯಲ್ಲಿ ಅಕ್ಕ ದಿಂಬಿಗೆ ಒರಗಿದ್ದರು. ಆ ಎತ್ತರದ ಮೈ ಮುದುಡಿ ಮಗುವಿನಷ್ಟಾಗಿತ್ತು. ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು.

"ಅಕ್ಕಾರ, ಆವತ್ತ ನಾ ತಪ್ಪ ಮಾಡಿದೆ" ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಅದ್ಯಾಕ ಈಗ. ನಂದೊಂದು ಕೇಳೂದೈತಿ, ಹೇಳ್ರಿ. ಆವತ್ತ ಪರದಿ ಎದ್ದಾಗ ಹೆಂಗಿತ್ರಿ? ಮಂದಿ ಹೋ ಅಂದದ್ದು ದಾರ್ಯಾಗ ಕೇಳಸ್ತು. ನಮ್ಮ ಓಣಿಗಿ ತಿರುಗಾಕತ್ತಿದ್ದೆ."

ಏನಾದರೂ ಕಟ್ಟಿ ಹೇಳಬಹುದಿತ್ತು, ಮಾತು ನನ್ನ ಕಸುಬು. ಆ ದಿನದ ಭಾಷಣ ಇವತ್ತಿಗೂ ನನಗೆ ಬಾಯಿಪಾಠ. ಆದರೆ ಆ ಕಣ್ಣಿನ ಮುಂದೆ ಸುಳ್ಳು ಬರಲಿಲ್ಲ.

"ನಾನೂ ನೋಡಲಿಲ್ರಿ ಅಕ್ಕಾರ. ಸಾಹೇಬರ ಜೋಡಿ ಚಹಾ ಕುಡಿಯಾಕ ಹೋಗಿದ್ದೆ."

ಬಯ್ಯಲಿ, ಉಗಿಯಲಿ ಎಂದು ನಾನು ಕಾದೆ. ಅಕ್ಕ ತಮ್ಮ ಒಣಗಿದ ಕೈಯನ್ನು ನನ್ನ ಕೈ ಮೇಲೆ ಇಟ್ಟರು.

"ಅಯ್ಯ, ನಿಮಗೂ ತಪ್ಪಿತೇನ್ರಿ? ಪಾಪ" ಎಂದರು. ಆಮೇಲೆ ಒಳಗೆ ಕೂಗಿ, "ಮಾಸ್ತರ ಹಸದ ಬಂದಾರ, ತಾಟ ಮಾಡವಾ" ಎಂದು ಹೇಳಿದರು.

ನಾನು ಅಳುತ್ತ ಉಂಡೆ. ಅಕ್ಕ ಮಲಗಿದಲ್ಲಿಂದಲೇ ನನ್ನ ತಾಟು ನೋಡುತ್ತಿದ್ದರು.